ಮೂರನೇ ಮಹಡಿಗೆ ಹೋದರೆ ಕಬ್ಬಿಣವಾಗುವ ಸೂಪು

ಲೋಕದ ಮುಂದೆ ಗಂಭೀರ ಪ್ರಶ್ನೆಗಳಿಗೇನೂ ಬರವಿಲ್ಲ. ಅವುಗಳ ಸಾಲಿಗೆ ಈಗ ಇನ್ನೊಂದು ಸೇರಿದೆ: ದೊಡ್ಡಾಸ್ಪತ್ರೆಯ ತರಕಾರಿ ಸೂಪಿಗೆ ಕಬ್ಬಿಣದ ರುಚಿ ಇದೆಯೇ, ಇಲ್ಲವೇ? ವಿಷಯ ಸಣ್ಣದೆಂದು ಯಾರೂ ಭಾವಿಸಬಾರದು. ಆಸ್ಪತ್ರೆಯ ಆಡಳಿತವಂತೂ ಹಾಗೆ ಭಾವಿಸಿಲ್ಲ. ಅದು ಐವರ ಸಮಿತಿಯನ್ನು ರಚಿಸಿದೆ. ಸಮಿತಿಗೆ ಉಪ ಅಧೀಕ್ಷಕರ ಅಧ್ಯಕ್ಷತೆಯಿದೆ, ಅಧ್ಯಕ್ಷರಿಗೆ ಉದ್ದನೆಯ ಮೇಜಿದೆ, ಮೇಜಿನ ಮೇಲೆ ತಲೆಗೊಂದರಂತೆ ನೀರಿನ ಬಾಟಲಿಯಿದೆ. ಹಿಂದೊಮ್ಮೆ ಇದೇ ಆಸ್ಪತ್ರೆಯ ಲಿಫ್ಟು ರೋಗಿಯೊಬ್ಬರನ್ನು ಎರಡು ಮಹಡಿಗಳ ನಡುವೆ ಅರ್ಧ ದಿನ ನಿಲ್ಲಿಸಿಕೊಂಡಾಗ ಸಮಿತಿ ಗಿಮಿತಿ ಏನೂ ಆಗಿರಲಿಲ್ಲ. ಸೂಪಿನ ತೂಕವೇ ಬೇರೆ.

ಸಮಿತಿ ರುಚಿ ನೋಡಿಯಾಗಿದೆ. ವಿಚಾರಣೆಯೂ ಮುಗಿದಿದೆ. ತೀರ್ಮಾನವೊಂದು ಬಾಕಿ. ಅದು ಬಂದ ದಿನ ಒಬ್ಬರ ಕೈಯಿಂದ ಸೌಟನ್ನು ಕಿತ್ತುಕೊಳ್ಳಬಹುದು, ಇಲ್ಲವೇ ಅಲ್ಲೇ ಬಿಡಬಹುದು. ಆ ಕೈ ಯಾವುದೆಂದು ನೋಡಬೇಕಾದರೆ ಬೆಳಕು ಹರಿಯುವ ಮುನ್ನ ಆಸ್ಪತ್ರೆಯ ಹಿಂಬಾಗಿಲಿನಿಂದ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಬೇಕು.

ಅಡುಗೆಮನೆಯ ಗೋಡೆಯ ತುದಿಯಲ್ಲಿ, ಬೀದಿಯ ಮಟ್ಟಕ್ಕೆ, ಉದ್ದನೆಯ ಒಂದು ಕಿಟಕಿ. ಅದರಲ್ಲಿ ಕಾಣುವುದು ಬರೀ ಕಾಲುಗಳು. ಪಾಳಿ ಮುಗಿಸಿ ಹೋಗುವ ಕಾಲುಗಳು ಎಳೆದುಕೊಂಡು ಹೋಗುತ್ತವೆ, ಪಾಳಿಗೆ ಬರುವ ಕಾಲುಗಳು ತಡವಾಯಿತೆಂದು ಓಡುತ್ತವೆ. ಕಿಟಕಿಯ ಕೆಳಗೆ, ಸೊಂಟದೆತ್ತರದ ಪಾತ್ರೆಯ ಮುಂದೆ, ಮರದ ಮಣೆ ಹತ್ತಿ ನಿಂತಿದ್ದಾರೆ ಸೂಪಕ್ಕ. ಗಿಡ್ಡ ಆಳು, ಅಗಲ ಭುಜ. ಬಲ ಮುಂಗೈಯಲ್ಲಿ ಹಬೆ ಹೊಡೆದ ಹಳೆಯ ಕಲೆಗಳು. ಸೌಟು ತಿರುಗಿಸುತ್ತಲೇ ಕಿಟಕಿ ನೋಡಿ, "ಲೆಕ್ಕದ ಸಾಹೇಬ್ರು ಇವತ್ತು ಬೇಗ ಬಂದ್ರು. ಎಡಗಾಲಿನ ಬೂಟು ಸವೆದಿದೆ, ಹೆಂಡ್ತಿ ನೋಡಿಲ್ಲ ಅಂತ ಕಾಣುತ್ತೆ" ಎನ್ನುತ್ತಾರೆ.

ಕ್ಯಾರೆಟ್ಟು, ಆಲೂಗಡ್ಡೆ, ಈರುಳ್ಳಿ, ಬೇಳೆ ಬೆಂದ ಕಟ್ಟು, ಕೊನೆಗೆ ಕುಟ್ಟಿದ ಕಾಳುಮೆಣಸು ಒಂದಿಷ್ಟು. ಸೂಪು ಎಂದರೆ ಇಷ್ಟೇ. ಉಪ್ಪು ಕೂಡದವರಿಗೆ ಪಕ್ಕದಲ್ಲಿ ಚಿಕ್ಕ ಪಾತ್ರೆ. ಉಳಿದ ಇಡೀ ಆಸ್ಪತ್ರೆಗೆ ಇದೊಂದೇ ದೊಡ್ಡ ಪಾತ್ರೆ. ಅದರ ರುಚಿ ನೋಡುವವರೆಗೆ ಸೂಪಕ್ಕನ ಬಾಯಿಗೆ ಚಹಾ ಇಲ್ಲ, ಲವಂಗದ ಚೂರೂ ಇಲ್ಲ. ಮೊದಲು ಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸುತ್ತಾರೆ. ಆಮೇಲೆ ಸೌಟಿನ ತುದಿಯಿಂದ ಎಡ ಅಂಗೈಗೆ ಒಂದು ಹನಿ. ನೆಕ್ಕಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಒಂದೇ ಸಲ. ಎರಡನೇ ಸಲ ನೋಡಿದರೆ ನಾಲಿಗೆ ಸೂಪಿನ ಪಕ್ಷ ಸೇರಿಬಿಡುತ್ತದೆ ಎಂಬುದು ಅವರ ಅನುಭವ.

"ಮುಗೀತಾ ಅತ್ತಿಗೆ, ನಾಲಿಗೆಯ ಉಪವಾಸ? ಚಹಾ ಆರಿ ಸೂಪಾಗ್ತಿದೆ" ಎಂದು ಮೂಲೆಯಿಂದ ಕೂಗುವವರು ತರಕಾರಿ ಹೆಚ್ಚುವ ನಾದಿನಿ. ಗಂಡನ ತಂಗಿ. ಕೈಗಿಂತ ಬಾಯಿಯ ಚಾಕು ಚೂಪು ಎಂದು ಇಡೀ ಅಡುಗೆಮನೆ ಒಪ್ಪಿಕೊಂಡಿದೆ.

"ಬಂದೆ ತಾಯಿ. ನಿನ್ನ ನಾಲಿಗೆಗೆ ಒಂದು ದಿನ ಉಪವಾಸ ಹಾಕಿದ್ರೆ ಊರಿಗೇ ಆರೋಗ್ಯ" ಎನ್ನುತ್ತಾ ಸೂಪಕ್ಕ ಮಣೆಯಿಂದ ಇಳಿಯುತ್ತಾರೆ.

ಅವರು ಈ ನೆಲಮಾಳಿಗೆಗೆ ಮೊದಲು ಬಂದದ್ದು ಪಾತ್ರೆ ತೊಳೆಯಲು. ಗಂಡ ಇದೇ ಆಸ್ಪತ್ರೆಯಲ್ಲಿ ಲಿಫ್ಟು ನಡೆಸುತ್ತಿದ್ದರು, ಎಲ್ಲರಿಗೂ ಲಿಫ್ಟಣ್ಣ. ಹೊಸ ಮದುವೆ, ಬಾಡಿಗೆಯ ಒಂಟಿ ಕೋಣೆ, ಒಬ್ಬರ ದುಡಿಮೆ ಸಾಲದು. ಹಿಂದಿನ ಅಡುಗೆಯವರು ಬಾಯಿಬಿಟ್ಟು ಏನನ್ನೂ ಕಲಿಸುವವರಲ್ಲ. ಹಾಗಾಗಿ ಸೂಪಕ್ಕ ತೊಳೆಯಲು ಬಂದ ಪಾತ್ರೆಗಳ ತಳ ನೋಡಿಯೇ ಅಡುಗೆ ಕಲಿತರು. ಯಾವುದು ತಳ ಹಿಡಿದಿದೆ, ಯಾವುದರಲ್ಲಿ ಈರುಳ್ಳಿ ಸೀದಿದೆ, ಯಾವ ದಿನ ಊಟ ಮಿಕ್ಕಿದೆ, ಯಾವ ದಿನ ಬಳಿದು ತಿಂದಿದ್ದಾರೆ. ಒಂದು ಬೆಳಿಗ್ಗೆ ಅಡುಗೆಯವರು ಬೆನ್ನು ಹಿಡಿದುಕೊಂಡು ಮನೆಯಲ್ಲೇ ಉಳಿದರು. ಸೂಪು ಇವರ ಪಾಲಿಗೆ ಬಂತು. ಆ ದಿನ ಲಿಫ್ಟಣ್ಣ ಪ್ರತಿ ಮಹಡಿಯಲ್ಲೂ ಬಾಗಿಲು ತೆಗೆದು, "ಎರಡನೇ ಮಹಡಿ, ಮಕ್ಕಳ ವಾರ್ಡು. ಇವತ್ತಿನ ಸೂಪು ನಮ್ಮನೆಯವಳದ್ದು" ಎಂದು ಸಾರುತ್ತಾ ಮೇಲೆ ಕೆಳಗೆ ಓಡಾಡಿದರಂತೆ. ಸೂಪಕ್ಕ ಎಂಬ ಹೆಸರು ಲಿಫ್ಟಿನಲ್ಲೇ ಹುಟ್ಟಿದ್ದು.

"ನಾಚ್ಕೊಂಡು ಸತ್ತೇ ಹೋಗಿದ್ದೆ ಅವತ್ತು. ಸ್ಟ್ರೆಚರ್ ಮೇಲೆ ಮಲಗಿದ್ದೋರಿಗೂ ಹೇಳಿದ್ರಂತೆ. ಪಾಪ, ಆ ಮನುಷ್ಯನಿಗೆ ಪ್ರಜ್ಞೆ ಇತ್ತೋ ಇಲ್ವೋ."

ಅಂದಿನಿಂದ ಸೌಟು ಕೈಬಿಟ್ಟಿಲ್ಲ. ಬೇಸಿಗೆಯಲ್ಲಿ ನೆಲಮಾಳಿಗೆ ಕುಲುಮೆಯಾಗುತ್ತದೆ. ಮಂಡಿ ಊದಿಕೊಂಡಿದೆ. ತುಂಬಿದ ಪಾತ್ರೆಯನ್ನು ಒಲೆಯಿಂದ ಇಳಿಸಲು ಒಮ್ಮೆ ನಾಲ್ವರಿದ್ದರು, ಈಗ ಇವರೂ ನಾದಿನಿಯೂ ಇಬ್ಬರೇ. ಇದೆಲ್ಲ ಕಷ್ಟವೆಂದು ಸೂಪಕ್ಕ ಹೇಳಿಕೊಳ್ಳುವುದಿಲ್ಲ. ಕೇಳಿದರೆ, "ಕೆಲಸ ಅಂದ್ಮೇಲೆ ಮೈ ನೋಯಲ್ವಾ?" ಎಂದು ತಿರುಗಿ ಕೇಳುತ್ತಾರೆ. ಅವರಿಗೆ ನೋವಾಗುವುದು ಬೇರೆ ಕಡೆ. ಅದು ಕೆಲವು ವರ್ಷಗಳ ಹಿಂದೆ ಮೂರನೇ ಮಹಡಿಯಿಂದ ಇಳಿದುಬಂತು.

ಮೂರನೇ ಮಹಡಿ ದೀರ್ಘ ಕಾಯಿಲೆಯವರದ್ದು. ವಾರಗಟ್ಟಲೆ ಮಲಗುವವರು, ಹಿಡಿಗಟ್ಟಲೆ ಮಾತ್ರೆ ನುಂಗುವವರು. ಅಲ್ಲಿಂದ ಬಟ್ಟಲುಗಳು ಅರ್ಧ ತುಂಬಿಯೇ ವಾಪಸಾಗತೊಡಗಿದವು. ಬಟ್ಟಲಿನ ಜೊತೆಗೆ ಮಾತುಗಳೂ ಬಂದವು. ಹಳೇ ಕೀಲಿ ಚಪ್ಪರಿಸಿದ ಹಾಗಿದೆ ಎಂದರು ಒಬ್ಬರು. ನಲ್ಲಿ ನೆಕ್ಕಿದ ಹಾಗಿದೆ ಎಂದರು ಇನ್ನೊಬ್ಬರು. ಒಬ್ಬ ಶಾಲಾ ಮೇಷ್ಟ್ರು, ನಾಣ್ಯ ನುಂಗಿದ ಮಗುವಿನ ಸಂಕಟ ತಮಗೆ ಇಂದು ಅರ್ಥವಾಯಿತೆಂದು ಹೇಳಿ ಕಳುಹಿಸಿದರು. ಬಾಯಿತುಂಬ ಹತ್ತಿ ತುರುಕಿದ ಹಾಗಾಗಿದೆ, ಗುಟುಕು ಇಳಿಯುತ್ತಿಲ್ಲ, ಸೂಪಿಗೆ ಏನು ಬೆರೆಸಿದ್ದೀರಿ ಎಂದು ಒಬ್ಬಾಕೆ ಕೇಳಿದಳು. ಮತ್ತೊಬ್ಬಾತ ಸೂಪಕ್ಕನನ್ನು ಮೇಲಕ್ಕೆ ಕರೆಸಿ, ಕನ್ನಡಿ ಹಿಡಿದು, ಕಪ್ಪಾದ ನಾಲಿಗೆಯನ್ನು ಉದ್ದಕ್ಕೆ ಚಾಚಿ ತೋರಿಸಿದ. ನಾಲಿಗೆ ಚಾಚಿದ್ದರಿಂದ ಬೈಯಲಾಗಲಿಲ್ಲ. ಒಳಗೆ ಎಳೆದುಕೊಂಡು ಬೈದ.

ತಮಾಷೆಯೆಂದರೆ, ಅದೇ ಪಾತ್ರೆಯ ಅದೇ ಸೂಪನ್ನು ನೆಲಮಹಡಿಯಲ್ಲಿ ಮೂಳೆ ಮುರಿದುಕೊಂಡವರು ಬಟ್ಟಲು ಬಳಿದು ಕುಡಿಯುತ್ತಿದ್ದರು. ಇನ್ನಷ್ಟು ಇದೆಯಾ ಎಂದೂ ಕೇಳುತ್ತಿದ್ದರು. "ಕಾಲು ಮುರಿದ್ರೆ ನಾಲಿಗೆ ನೆಟ್ಟಗಾಗುತ್ತೆ ಅಂತ ಕಾಣುತ್ತೆ ಅತ್ತಿಗೆ. ಮೂರನೇ ಮಹಡಿಯೋರ ಕಾಲನ್ನೂ ಮುರಿಸೋಣ್ವಾ?" ಎಂದಿದ್ದರು ನಾದಿನಿ ಆಗ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈ ಮಾತನ್ನು ಈಗ ನೆನಪಿಸಿದರೆ ನಾದಿನಿ ಕ್ಯಾರೆಟ್ಟಿನ ಕಡೆ ತಿರುಗುತ್ತಾರೆ.

ಅಡುಗೆಯವರಿಗೆ ರುಚಿ ಕೆಟ್ಟಿದೆ ಎಂದರೆ ಅವರು ಮೊದಲು ಹುಡುಕುವುದು ಅಡುಗೆಮನೆಯಲ್ಲೇ. ಸೂಪಕ್ಕ ಪಾತ್ರೆಗಳ ಮೇಲೆ ಅನುಮಾನಪಟ್ಟರು. ಕಲಾಯಿ ಹಾಕುವವನು ಮೂರು ಬೀದಿಯಾಚೆ ಕೊನೆಯವನೊಬ್ಬ ಉಳಿದಿದ್ದ. ಅವನನ್ನು ಹುಡುಕಿ ಕರೆತಂದು ಹಳೆಯ ತಾಮ್ರದ ಹಂಡೆಗಳಿಗೆಲ್ಲ ಹೊಸ ಕಲಾಯಿ ಹಾಕಿಸಿದರು. ದೂರು ನಿಲ್ಲಲಿಲ್ಲ. ಕಬ್ಬಿಣದ ಬಾಣಲೆಗಳನ್ನು ಅಟ್ಟಕ್ಕೆ ಹಾಕಿಸಿದರು. ಉಕ್ಕಿನ ಸೌಟು ಬಿಟ್ಟು ಮರದ ಸೌಟು ಹಿಡಿದರು. ನೀರಿನ ಕೊಳವೆ ತುಕ್ಕು ಹಿಡಿದಿರಬೇಕೆಂದು ಹೊರಗಿನ ಬಾವಿಯಿಂದ ನೀರು ಹೊತ್ತು ನೋಡಿದರು. ಕೊನೆಗೆ ಬೆರಳಿನ ಉಂಗುರವನ್ನೂ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು. ಮರುದಿನವೂ ಮೂರನೇ ಮಹಡಿ ಕೀಲಿಯನ್ನೇ ಚಪ್ಪರಿಸಿತು.

"ಆಮೇಲೆ ಉಳಿದಿದ್ದು ನನ್ನ ಕೈ ಒಂದೇ. ಕೈರುಚಿ ಅಂತಾರಲ್ಲ, ಅದು ಹೋಯ್ತು ಅಂದ್ಕೊಂಡೆ. ನಿದ್ದೇಲಿ ಎದ್ದು ಕೈ ಮೂಸಿ ನೋಡ್ಕೊಳ್ತಿದ್ದೆ, ಹುಚ್ಚಿ ಥರ. ಪಾತ್ರೆಯಾದ್ರೆ ಕಲಾಯಿ ಹಾಕಿಸಬಹುದು. ಕೈಗೆ ಏನು ಹಾಕಿಸ್ತೀರಿ?"

ಉತ್ತರ ಮಾತ್ರ ಅವರೇ ಕಳುಹಿಸುತ್ತಿದ್ದ ತಟ್ಟೆಯಲ್ಲೇ ಇತ್ತು. ಸೂಪಿನ ಬಟ್ಟಲು, ಪಕ್ಕದಲ್ಲಿ ಬ್ರೆಡ್ಡು, ಇನ್ನೊಂದು ಪಕ್ಕದಲ್ಲಿ ನರ್ಸಮ್ಮ ತಂದಿಡುವ ಕಾಗದದ ಪುಟ್ಟ ಲೋಟ, ಲೋಟದಲ್ಲಿ ಬಣ್ಣ ಬಣ್ಣದ ಮಾತ್ರೆಗಳು. ತಟ್ಟೆ ನೆಲಮಾಳಿಗೆಯಿಂದ ಹೊರಡುವಾಗ ಲೋಟ ಅಲ್ಲಿರುತ್ತಿರಲಿಲ್ಲ, ವಾಪಸು ಬರುವಾಗ ಖಾಲಿಯಾಗಿ ಮುದುಡಿ ಬಿದ್ದಿರುತ್ತಿತ್ತು. ಖಾಲಿ ಕಾಗದದ ಲೋಟವನ್ನು ಯಾರು ಅನುಮಾನಿಸುತ್ತಾರೆ?

ಅದನ್ನು ಪತ್ತೆ ಮಾಡಿದ್ದು ಲಿಫ್ಟಣ್ಣನ ಹೊಟ್ಟೆ. ನಿವೃತ್ತಿಯಾಗಿ ಮನೆಯಲ್ಲಿದ್ದ ಅವರಿಗೆ ಹೊಟ್ಟೆಯಲ್ಲಿ ಸೋಂಕಾಗಿ ಡಾಕ್ಟರು ಕೆಲವು ದಿನದ ಮಾತ್ರೆ ಕೊಟ್ಟರು. ಮೂರನೆಯ ಊಟಕ್ಕೇ ಅವರು ತಟ್ಟೆಯನ್ನು ಮುಂದಕ್ಕೆ ತಳ್ಳಿ, "ಇದೇನೇ, ತುಕ್ಕು ಬಡಿಸಿದ್ದೀಯಾ?" ಎಂದರು. ಸಂಸಾರ ಶುರುವಾದ ಮೇಲೆ ಅವರು ಊಟದ ಬಗ್ಗೆ ಆಡಿದ ಮೊದಲ ಕೆಟ್ಟ ಮಾತು ಅದು. ಆಸ್ಪತ್ರೆಯಲ್ಲಿ ದಿನವಿಡೀ ಕೇಳಿಸಿಕೊಂಡು ಬಂದಿದ್ದ ಸೂಪಕ್ಕ, ಮನೆಯಲ್ಲೂ ಅದೇ ಮಾತು ಕೇಳಿ ಉರಿದುಬಿದ್ದರು.

"ಮೂರನೇ ಮಹಡಿಯೋರು ಹೇಳಿಕೊಟ್ರಾ ನಿಮಗೆ?"

"ಯಾರು ಹೇಳಿಕೊಡಬೇಕೇ? ನನ್ನ ಬಾಯಿ ನಂದೇ ತಾನೇ?"

"ಹಾಗಾದ್ರೆ ನಿಮ್ಮ ಬಾಯಿಗೆ ನೀವೇ ಬೇಯಿಸಿ ಹಾಕ್ಕೊಳ್ಳಿ."

ಗಂಡ ಬೇಯಿಸಿಕೊಂಡರು. ತಮ್ಮ ಅಡುಗೆಯೂ ತುಕ್ಕೇ ಎಂದು ಅವರಿಗೆ ತಿಳಿದರೂ, ಹೇಳಿದರೆ ಸೋತಂತೆ ಎಂದು ಕಣ್ಣು ಮುಚ್ಚಿ ನುಂಗಿದರು. ಮನೆಯಲ್ಲಿ ಮಾತು ನಿಂತಿತು. ನಡುವೆ ನಾದಿನಿ ಬಂದು, "ಅಣ್ಣ ಒಂದು ಒಲೆ, ಅತ್ತಿಗೆ ಒಂದು ಒಲೆ, ಒಳ್ಳೇದಾಯ್ತು, ನಾನು ಎರಡು ಕಡೆ ಉಣ್ಣಬಹುದು" ಎಂದು ಹೋದರು. ಮಾತ್ರೆಯ ಅವಧಿ ಮುಗಿಯಿತು. ಎರಡು ದಿನ ಕಳೆದು ಲಿಫ್ಟಣ್ಣ ಹೆಂಡತಿಯ ಪಾತ್ರೆಯಿಂದ ಕದ್ದು ಒಂದು ಚಮಚ ತಿಂದರು, ಸಿಕ್ಕಿಬಿದ್ದರು, ತಲೆ ತಗ್ಗಿಸಿ ಹೇಳಿದರು: "ಇವತ್ತು ಚೆನ್ನಾಗಿ ಮಾಡಿದ್ದೀಯ."

ಅದು ಹಿಂದಿನ ದಿನದ್ದೇ ಅಡುಗೆ. ಬಿಸಿ ಮಾಡಿಟ್ಟದ್ದು ಅಷ್ಟೇ.

ಮರುದಿನ ಸೂಪಕ್ಕ ಔಷಧಿ ಕೌಂಟರಿನ ಮುಂದೆ ನಿಂತಿದ್ದರು. ಅಲ್ಲಿನ ಹಿರಿಯ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಮೆದುಮಾತಿನ ಮನುಷ್ಯ, ಆಶ್ಚರ್ಯವನ್ನೇ ಪಡಲಿಲ್ಲ. "ಹೌದಮ್ಮ, ಆ ಮಾತ್ರೆಗೆ ಅದು ಇದ್ದದ್ದೇ. ಕೆಲವು ಬಾಯನ್ನ ಕಬ್ಬಿಣ ಮಾಡ್ತವೆ, ಕೆಲವು ಒಣಗಿಸ್ತವೆ, ಕೆಲವಕ್ಕೆ ನಾಲಿಗೆ ಕಪ್ಪಾಗುತ್ತೆ, ಹುಣ್ಣಾಗುತ್ತೆ. ಎಲ್ಲ ಪೆಟ್ಟಿಗೆಯೊಳಗಿನ ಚೀಟೀಲಿ ಬರೆದಿರುತ್ತೆ" ಎಂದು ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ, ಇರುವೆ ಸಾಲಿನಂಥ ಅಕ್ಷರಗಳ ಕಾಗದ ತೋರಿಸಿದರು. ಡಾಕ್ಟರಿಗೆ ಗೊತ್ತೇ ಎಂದರೆ ಗೊತ್ತು. ನರ್ಸಮ್ಮನಿಗೆ? ಗೊತ್ತು. ಇಡೀ ಕಟ್ಟಡದಲ್ಲಿ ಗೊತ್ತಿಲ್ಲದೆ ಇದ್ದದ್ದು ನುಂಗುವವರಿಗೆ ಮತ್ತು ಬೇಯಿಸುವವರಿಗೆ.

"ಮತ್ತೆ ಯಾರೂ ಹೇಳಲ್ವಲ್ಲ ಸಾರ್?"

"ಮೊದಲೇ ಹೇಳಿದ್ರೆ ಅರ್ಧ ಜನ ಮಾತ್ರೆ ಬಿಟ್ಟುಬಿಡ್ತಾರಮ್ಮ. ಜೀವ ಹೋಗೋ ಕಡೆ ಬಾಯಿರುಚಿ ಏನು ದೊಡ್ಡದು?"

ದೊಡ್ಡದಲ್ಲ ಎಂದು ಸೂಪಕ್ಕನೂ ಒಪ್ಪುತ್ತಾರೆ. ಆದರೆ ಆ ದಿನ ಅವರಿಗೆ ಕೈ ವಾಪಸು ಸಿಕ್ಕಿತ್ತು. ಉಂಗುರವನ್ನು ಸೆರಗಿನಿಂದ ಬಿಚ್ಚಿ ಬೆರಳಿಗೆ ಹಾಕಿಕೊಂಡರು. ಆ ಸಂತೋಷದಲ್ಲಿ ಅವರು ತಟ್ಟೆ ಒಯ್ಯುವವರನ್ನು ಕಾಯದೆ ತಾವೇ ಮೂರನೇ ಮಹಡಿಗೆ ಹೋದರು. ಅಲ್ಲಿ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಬಡಗಿ ಇದ್ದ. ಪಾದಕ್ಕೆ ಮೊಳೆ ಚುಚ್ಚಿ, ಸಕ್ಕರೆ ಕಾಯಿಲೆಯ ಮೈಯಾದ್ದರಿಂದ ಕೀವು ಮೂಳೆಗೆ ಇಳಿದಿತ್ತು. ದಿನಾ ಸೂಪಿಗೆ ಬೈಯುವವರಲ್ಲಿ ಅವನದೇ ದೊಡ್ಡ ಗಂಟಲು. "ಬಾ ಅಕ್ಕ, ಇವತ್ತು ಎಷ್ಟು ಮೊಳೆ ಹಾಕಿ ಕುದಿಸಿದೆ? ಒಂದಿಷ್ಟು ಕೊಟ್ಟಿದ್ರೆ ಒಂದು ಕುರ್ಚಿಯಾದ್ರೂ ಮಾಡ್ತಿದ್ದೆ" ಎಂದ.

"ಮೊಳೆ ನನ್ನ ಸೂಪಲ್ಲಿಲ್ಲಪ್ಪ. ನಿನ್ನ ಮಾತ್ರೇಲಿದೆ" ಎಂದು ಸೂಪಕ್ಕ ಎಲ್ಲರಿಗೂ ಕೇಳಿಸುವಂತೆ ಹೇಳಿದರು. ಗಂಡನ ಕಥೆಯನ್ನೂ ಬಿಡಿಸಿ ಹೇಳಿದರು. ವಾರ್ಡು ನಕ್ಕಿತು. ಬಡಗಿಯೂ ನಕ್ಕ.

ಮಾರನೆಯ ವಾರದಿಂದ ಅವನ ಬಟ್ಟಲು ಅರ್ಧ ತುಂಬಿ ಬರುವ ಬದಲು, ತಳದಲ್ಲಿ ಎರಡೇ ಗುಟುಕು ಉಳಿದು ಬರತೊಡಗಿತು. ಪಾತ್ರೆ ತೊಳೆಯುವವರು ಚೆಲ್ಲುತ್ತಾ ಹೋದರು. ತಳದ ಆ ಸೂಪು ಸುಣ್ಣದ ನೀರಿನಂತೆ ಬೆಳ್ಳಗಿದೆಯೆಂದು ಒಂದು ದಿನ ನಾದಿನಿಯ ಕಣ್ಣಿಗೆ ಬಿತ್ತು. ಬೆರಳಾಡಿಸಿದರೆ ಕರಗಿ ಉಳಿದ ಮಾತ್ರೆಯ ಚೂರುಗಳು. ಮಾತ್ರೆಯನ್ನು ನರ್ಸಮ್ಮನ ಎದುರು ಬಾಯಿಗೆ ಹಾಕಿಕೊಂಡು, ಆಕೆ ಆಚೆ ಹೋದ ಮೇಲೆ ಅವನು ಬಟ್ಟಲಿಗೆ ಉಗುಳುತ್ತಿದ್ದ.

"ಅತ್ತಿಗೇನ ಕರೆದು ತೋರಿಸ್ದೆ. ಬಟ್ಟಲು ಕೈಯಲ್ಲಿ ಹಿಡ್ಕೊಂಡೇ ಮೆಟ್ಟಿಲು ಹತ್ತಿದ್ರು, ಲಿಫ್ಟಿಗೆ ಕಾಯ್ಲಿಲ್ಲ. ಆ ಮಂಡೀಲಿ" ಎನ್ನುತ್ತಾರೆ ನಾದಿನಿ. "ಅಷ್ಟೊತ್ತಿಗೆ ಅವನಿಗೆ ಜ್ವರ ಏರಿತ್ತು."

ಪಾದ ಉಳಿಯಲಿಲ್ಲ. ಕಣಕಾಲಿನ ಮೇಲೆ ಕತ್ತರಿಸಿ ತೆಗೆದರು. ಗಾಯ ಮಾಯುವಾಗ ಅವನನ್ನು ನೆಲಮಹಡಿಗೆ, ಮೂಳೆಯವರ ವಾರ್ಡಿಗೆ ತಂದರು. ಕೆಲವು ವಾರಕ್ಕೆ ಮಾತ್ರೆಗಳೂ ನಿಂತವು. ಒಂದು ಬೆಳಿಗ್ಗೆ ಸೂಪಕ್ಕ ಆ ದಾರಿಯಲ್ಲಿ ಹೋಗುವಾಗ ಅವನು ಕರೆದ. ಬಟ್ಟಲು ಬಳಿದಿಟ್ಟಿದ್ದ. "ಈಗ ಸರಿಯಾಗಿ ಮಾಡ್ತಿದ್ದೀಯಾ ಅಕ್ಕ. ಮೊದಲೇ ಹೀಗೆ ಮಾಡಿದ್ರೆ ಆಗ್ತಿರಲಿಲ್ವಾ?" ಎಂದ. ವ್ಯಂಗ್ಯವೋ ನಿಜವೋ ಸೂಪಕ್ಕನಿಗೆ ಇಂದಿಗೂ ತಿಳಿದಿಲ್ಲ. ಅವರು ಬಟ್ಟಲು ತೆಗೆದುಕೊಂಡು ಬಂದರು.

"ನಾನು ಅರ್ಧ ಹೇಳ್ದೆ" ಎನ್ನುತ್ತಾರೆ ಅವರು, ಸೌಟಿನ ಹಿಡಿಯನ್ನು ಬಟ್ಟೆಯಿಂದ ಒರೆಸುತ್ತಾ. "ಕಹಿ ಮಾತ್ರೇದು ಅಂದೆ. ಕಹಿಯಾದ್ರೂ ನುಂಗು, ಆಗದಿದ್ರೆ ಡಾಕ್ಟರಿಗೆ ಹೇಳು, ಬೇರೆ ಕೊಡ್ತಾರೇನೋ ಅನ್ನಲಿಲ್ಲ. ಅದು ಅವರು ಹೇಳೋ ಮಾತು, ನಂಗ್ಯಾಕೆ ಅಂದ್ಕೊಂಡೆ. ನನಗೆ ಬೇಕಿದ್ದಿದ್ದು ನನ್ನ ಸೂಪು ಚೆನ್ನಾಗಿದೆ ಅಂತ ಒಂದು ಮಾತು."

ಅಲ್ಲಿಂದೀಚೆಗೆ ಅವರ ದಿನಚರಿಗೆ ಒಂದು ಕೆಲಸ ಸೇರಿದೆ. ಬೆಳಗಿನ ತಟ್ಟೆಗಳು ಹೋದ ಮೇಲೆ ಮೂರನೇ ಮಹಡಿಗೆ ಹೋಗಿ ಬೈಸಿಕೊಂಡು ಬರುವುದು. ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಾರೆ. ಒಬ್ಬಾಕೆ, "ನಿಮ್ಮ ಮನೇಲಿ ಇದನ್ನ ಕುಡೀತಾರಾ?" ಎನ್ನುತ್ತಾಳೆ. "ಕುಡಿಯಲ್ಲಮ್ಮ, ನಮ್ಮನೆಯವರೂ ಬೈತಾರೆ" ಎನ್ನುತ್ತಾರೆ ಇವರು. "ಇವತ್ತು ಕೈ ಕೆಟ್ಟಿತ್ತು. ನಾಳೆ ನೋಡೋಣ. ಮಾತ್ರೆ ನುಂಗಿದ್ರಾ? ಬಾಯಿ ತೆಗೀರಿ ನೋಡೋಣ." ಬೈದು ಹಗುರಾದ ಬಾಯಿ ತೆರೆಯುತ್ತದೆ. ನಾಲಿಗೆಯ ಅಡಿಯನ್ನೂ ನೋಡಿಯೇ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಸೂಪನ್ನು ಆರಿಸಿ ಕಳುಹಿಸುತ್ತಾರೆ, ಬಿಸಿಯಿದ್ದಷ್ಟೂ ಕಬ್ಬಿಣ ಎದ್ದು ಕಾಣುತ್ತದೆ ಎಂದು ಗಂಡ ಹೇಳಿದ್ದರಂತೆ. ಉಕ್ಕಿನ ಚಮಚದ ಬದಲು ಮರದ ಚಮಚ. ಬಾಯಿ ಹುಣ್ಣಿಲ್ಲದವರಿಗೆ ನಿಂಬೆಯ ಒಂದು ಹೋಳು. ಇದರಿಂದ ಕೆಲವರಿಗೆ ಕೀಲಿಯ ತುಕ್ಕು ಒಂದಿಷ್ಟು ಇಳಿದಿದೆ, ಕೆಲವರಿಗೆ ಇಲ್ಲ.

ಹೀಗೆ ಬೈಗುಳವನ್ನು ತಮ್ಮ ಮೇಲೆಳೆದುಕೊಂಡು ನಡೆಸಿದ ವ್ಯವಹಾರಕ್ಕೆ ಒಂದು ತೊಂದರೆಯಿತ್ತು. ಬೈಗುಳ ಮೂರನೇ ಮಹಡಿಯಲ್ಲೇ ಉಳಿಯಲಿಲ್ಲ. ದೂರಿನ ಪೆಟ್ಟಿಗೆಗೆ ಬಿತ್ತು, ಪೆಟ್ಟಿಗೆಯಿಂದ ಕಚೇರಿಗೆ ಹತ್ತಿತು, ಕಚೇರಿಯಲ್ಲಿ ಸಮಿತಿಯಾಯಿತು. ಉಪ ಅಧೀಕ್ಷಕರು, ಲೆಕ್ಕದ ಸಾಹೇಬರು, ಹಿರಿಯ ನರ್ಸಮ್ಮ, ಉಗ್ರಾಣದವರು, ಐದನೆಯವರು ಔಷಧಿ ಕೌಂಟರಿನ ಆ ಮೆದುಮಾತಿನ ಹಿರಿಯರು. ಸೂಪಿನ ಬಟ್ಟಲುಗಳನ್ನು ಹೊತ್ತುಕೊಂಡು ಹೋಗಿ ಬಾಗಿಲ ಬಳಿ ನಿಂತಿದ್ದ ನಾದಿನಿ ಆ ದಿನದ ವರದಿಗಾರರು.

ಐವರೂ ಕುಡಿದರು. ಐವರ ನಾಲಿಗೆಯೂ ಆರೋಗ್ಯವಾಗಿತ್ತು. ಲೆಕ್ಕದ ಸಾಹೇಬರು ಇನ್ನೊಂದು ಬಟ್ಟಲು ಕೇಳಿ ತರಿಸಿಕೊಂಡರು. ಸೂಪು ಉತ್ತಮವಾಗಿದೆ ಎಂದು ಸಮಿತಿ ಒಮ್ಮತಕ್ಕೆ ಬಂತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಅಲ್ಲಿಂದಲೇ ಕೆಟ್ಟಿತು. ಇಷ್ಟು ಒಳ್ಳೆಯ ಸೂಪು ಮೇಲೆ ಹೋಗುವಷ್ಟರಲ್ಲಿ ಕಹಿಯಾಗುವುದು ಹೇಗೆ? ಸಮಿತಿಗೊಂದು, ರೋಗಿಗಳಿಗೊಂದು ಎರಡು ಸೂಪುಗಳಿರಬೇಕು. ಎರಡನೆಯದರ ಬೇಳೆ ತರಕಾರಿ ಎಲ್ಲಿಗೋ ಹೋಗುತ್ತಿರಬೇಕು. ಸೂಪು ಚೆನ್ನಾಗಿದ್ದದ್ದೇ ಸೂಪಕ್ಕನ ವಿರುದ್ಧದ ಸಾಕ್ಷ್ಯವಾಯಿತು.

"ನಮಗೆ ಅಂತ ಬೇರೆ ಮಾಡಿದ್ರೇನಮ್ಮ?" ಎಂದು ಕೇಳಿದರು ಉಪ ಅಧೀಕ್ಷಕರು.

"ಇಲ್ಲ ಸಾರ್. ಅದೇ ಪಾತ್ರೆ."

"ಹಾಗಾದ್ರೆ ಮೇಲಿರೋ ರೋಗಿಗಳು ಸುಳ್ಳು ಹೇಳ್ತಾರಾ?"

"ಇಲ್ಲ ಸಾರ್. ಅವರು ಯಾಕೆ ಸುಳ್ಳು ಹೇಳ್ತಾರೆ? ಅವರಿಗೆ ಕಹಿ ಆಗೋದು ನಿಜ."

"ನೀವೂ ನಿಜ, ಅವರೂ ನಿಜ. ಮತ್ತೆ ಕಹಿ ಎಲ್ಲಿಂದ ಬಂತು?"

ಸೂಪಕ್ಕ ಔಷಧಿಯ ಹಿರಿಯರ ಮುಖ ನೋಡಿದರು. ಅವರು ನೀರಿನ ಬಾಟಲಿಯ ಮೇಲಿನ ಅಕ್ಷರಗಳನ್ನು ಓದುತ್ತಿದ್ದರು. ಹಿರಿಯ ನರ್ಸಮ್ಮ ಗಡಿಯಾರ ನೋಡಿಕೊಂಡರು. ಇಲ್ಲಿ ಆಡಿದ ಮಾತು ವರದಿಯಾಗುತ್ತದೆ, ವರದಿ ಸೂಚನಾ ಫಲಕಕ್ಕೆ ಅಂಟುತ್ತದೆ, ಫಲಕ ಮೂರನೇ ಮಹಡಿಯ ಮೆಟ್ಟಿಲ ಪಕ್ಕದಲ್ಲೇ ಇದೆ. ಸೂಪಕ್ಕನ ಕಣ್ಣಿಗೆ ಕಂಡದ್ದು ಆ ಫಲಕದ ಮುಂದೆ ನಿಂತು ಅರ್ಧ ಓದುವ ಜನ.

"ನನ್ನ ಕೈ ಒಂದೊಂದು ಸಲ ಕೆಡುತ್ತೆ ಸಾರ್" ಎಂದರು.

"ಕೈ ಕೆಡೋದಲ್ಲಮ್ಮ, ಕೈ ಉದ್ದ ಆಗಿರಬೇಕು" ಎಂದರು ಉಗ್ರಾಣದವರು. ಯಾರೋ ನಕ್ಕರು.

ಈ ಒಂದು ಮಾತನ್ನು ಸೂಪಕ್ಕನಿಗೆ ಇಂದಿಗೂ ನುಂಗಲಾಗಿಲ್ಲ. "ಕೈ ಕೆಟ್ಟಿದೆ ಅಂತ ನಾನೇ ಹೇಳಿದ್ದು, ಇರಲಿ. ಕಳ್ಳಿ ಅಂದ್ರಲ್ಲ. ಇಷ್ಟು ವರ್ಷ ಒಂದು ಈರುಳ್ಳಿ ಸಿಪ್ಪೆ ಮನೆಗೆ ತಗೊಂಡು ಹೋಗಿಲ್ಲ. ಅವಾಗ ಬಾಯಿ ಬಿಟ್ಟಿದ್ರೆ ಆಗ್ತಿತ್ತು. ಬಾಯಿ ತುದಿಗೆ ಬಂದಿತ್ತು." ಯಾಕೆ ಬಿಡಲಿಲ್ಲ ಎಂದರೆ ಪಾತ್ರೆಯ ಕಡೆ ತಿರುಗುತ್ತಾರೆ. "ಇನ್ನೊಂದು ಕಾಲು ತೆಗೆಸ್ಲಾ?"

ಔಷಧಿಯ ಹಿರಿಯರಿಗೂ ಒಂದು ಉತ್ತರವಿದೆ, ಅದೂ ಮೆದುವಾಗಿಯೇ ಇದೆ. "ಆಕೆ ಹೇಳಿದ್ದಿದ್ರೆ ನಾನು ಹೌದು ಅಂತಿದ್ದೆ." ನೀವೇ ಹೇಳಬಹುದಿತ್ತಲ್ಲ ಎಂದರೆ ಕನ್ನಡಕ ಒರೆಸಿಕೊಳ್ಳುತ್ತಾರೆ. "ನನ್ನನ್ನ ಯಾರೂ ಕೇಳಲಿಲ್ಲವಲ್ಲ. ಸಮಿತಿ ಇದ್ದದ್ದು ಸೂಪಿನ ಬಗ್ಗೆ."

ಮನೆಯಲ್ಲಿ ಲಿಫ್ಟಣ್ಣ ಕುದಿಯುತ್ತಿದ್ದಾರೆ. ಒಂಟಿ ಕೋಣೆ ಈಗ ಒಂದೂವರೆ ಕೋಣೆಯಾಗಿದೆ. ಅರ್ಧ ಕೋಣೆಯಲ್ಲಿ ಅವರ ಕುರ್ಚಿ. "ನಾನು ಹೋಗಿ ಹೇಳ್ತೀನಿ ಅಂದೆ. ನನ್ನ ನಾಲಿಗೇನೇ ಸಾಕ್ಷಿ ಅಂದೆ. ಬೇಡ ಅಂದ್ಲು. ಊರಿಗೆಲ್ಲ ಸೂಪು ಸೂಪು ಅಂತ ಸಾರಿದವನು ನಾನು, ಈಗ ಬಾಯಿಗೆ ಬೀಗ ಹಾಕಿ ಕೂರಿಸಿದ್ದಾಳೆ."

"ಸಾರಿದ್ದಕ್ಕೇ ಇಷ್ಟಾಗಿದ್ದು" ಎನ್ನುತ್ತಾರೆ ಹೆಂಡತಿ, ಅವರ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಾ. "ಉಣ್ರಿ ಸುಮ್ನೆ."

"ಚೆನ್ನಾಗಿದೆ ಕಣೇ."

"ಗೊತ್ತು."

ಇಷ್ಟನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದಾಗ ಸೂಪಕ್ಕ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದರು. ನಾದಿನಿ ಹೆಚ್ಚುವುದನ್ನು ನಿಲ್ಲಿಸಿ ಕಾದರು. "ಬರೀರಿ. ಆದ್ರೆ ಪೂರ್ತಿ ಬರೀರಿ, ನನ್ನ ಹಾಗೆ ಅರ್ಧ ಮಾಡಬೇಡಿ. ಮಾತ್ರೆ ತಗೊಂಡ ಮೇಲೆ ಬಾಯಿ ಕಹಿಯಾದ್ರೆ, ಒಣಗಿದ್ರೆ, ನಾಲಿಗೆ ಬಣ್ಣ ಹೋದ್ರೆ ಹೆದರಬೇಡಿ, ಬಿಡಲೂಬೇಡಿ. ಕೊಟ್ಟ ಡಾಕ್ಟರ ಹತ್ರಾನೇ ಹೋಗಿ ಬಾಯಿ ತೆಗೆದು ತೋರಿಸಿ. ಅವರು ಬೈದ್ರೆ ಬೈಲಿ. ಇಷ್ಟು ಬರೆದ್ರೆ ಸಾಕು. ನನ್ನ ಸೂಪಿನ ವಿಷಯ ಜಾಗ ಮಿಕ್ಕಿದ್ರೆ ಹಾಕಿ."

ಲೇಖನ ಅಚ್ಚಿಗೆ ಹೋಗುವ ಮುನ್ನ ಆಸ್ಪತ್ರೆಯ ಆದೇಶ ಹೊರಬಿದ್ದಿದೆ. ಕಳವಿಗೆ ಪುರಾವೆ ಸಿಕ್ಕಿಲ್ಲವೆಂದೂ, ರುಚಿಯ ಬಗ್ಗೆ ಅಡುಗೆಯವರೇ ತಪ್ಪೊಪ್ಪಿಕೊಂಡಿದ್ದಾರೆಂದೂ ಅದರಲ್ಲಿದೆ. ಮಾತ್ರೆಗಳ ಪ್ರಸ್ತಾಪವಿಲ್ಲ. ಸೋಮವಾರದಿಂದ ಸೂಪು ಹೊರಗಿನ ಗುತ್ತಿಗೆದಾರರ ವ್ಯಾನಿನಲ್ಲಿ ಬರುತ್ತಿದೆ. ಮೂರನೇ ಮಹಡಿಯ ಬಟ್ಟಲುಗಳು ಅರ್ಧ ತುಂಬಿಯೇ ವಾಪಸಾಗುತ್ತಿವೆ. ಸೂಪಕ್ಕನನ್ನು ಪಾತ್ರೆ ತೊಳೆಯುವ ಕೆಲಸಕ್ಕೆ ಹಾಕಿದ್ದಾರೆ.